ಬೇವಿನ ಮೇಲಿನ ಜಪಾನಿ ಗಿಡ

ದೊಡ್ಡಪ್ಪನ ಎಡ ಹೆಗಲು ಸುಡು ಬೇಸಿಗೆಯಲ್ಲೂ ಒದ್ದೆಯಾಗಿರುತ್ತಿತ್ತು. ಬಾವಿ ನೀರಲ್ಲಿ ಅದ್ದಿದ ಗೋಣಿ ತುಂಡನ್ನು ಹೆಗಲ ಮೇಲೆ ಹಾಕಿಕೊಂಡು ಮನೆ ಮುಂದಿನ ಬೇವಿನ ಮರದ ಕವಲಿಗೆ ಸುತ್ತಲು ಹೋಗುತ್ತಿದ್ದ. ಅಲ್ಲಿ ಕವಲಿನ ನೆರಳಲ್ಲಿ ಅವನ ಜಪಾನಿ ಗಿಡ ಕೂತಿತ್ತು. ಗೇಣುದ್ದವೂ ಇಲ್ಲ, ಒಂದಿಷ್ಟು ಗಟ್ಟಿ ಎಲೆ, ತೊಗಟೆಗೆ ಅಂಟಿದ ಬಿಳಿ ಬೇರು. ಗುಡಗೇರಿಯ ಬಿಸಿಲಿಗೆ ಅದು ಬದುಕಿದ್ದೇ ಹೆಚ್ಚು. ಆರ್ಕಿಡ್ ಅನ್ನುವ ಹೆಸರು ಆಗ, ಎಪ್ಪತ್ತರ ದಶಕದಲ್ಲಿ, ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಹಾಯುದ್ಧ ಮುಗಿದ ಮೇಲೆ ದಂಡಿನ ಜೊತೆ ಜಪಾನಿನಲ್ಲಿ ಕಾವಲಿಗಿದ್ದಾಗ, ತನ್ನ ಪಾಲಿನ ಸಕ್ಕರೆ ಕೊಟ್ಟಿದ್ದಕ್ಕೆ ಅಲ್ಲಿಯ ಮುದುಕನೊಬ್ಬ ಕೊಟ್ಟ ಗಿಡವಂತೆ. ಒದ್ದೆ ಪಾಚಿಯಲ್ಲಿ ಸುತ್ತಿ ಹಡಗಿನಲ್ಲಿ ತಂದಿದ್ದ. ಮದುವೆ ಗಿದುವೆ ಆಗದೆ ತಮ್ಮನ, ಅಂದರೆ ನಮ್ಮಪ್ಪನ, ಮನೆಯಲ್ಲೇ ಉಳಿದ. ಕಾರಹುಣ್ಣಿಮೆಯ ಹೊತ್ತಿಗೆ ಸಂಜೆ ಘಮಘಮಿಸುವ ಬಿಳಿ ಹೂ ಬಿಟ್ಟಾಗ ನಾನು ಓಡಿ ಹೋದರೆ ನಗುತ್ತಿದ್ದ. "ಹೂ ಬಿಟ್ಟಾಗ ಯಾರರೆ ನೋಡ್ತಾರವ್ವಾ. ಬರೇ ಎಲಿ ಇದ್ದಾಗ ಬಂದು ನೋಡು" ಅನ್ನುತ್ತಿದ್ದ. ಬೇರಿನ ತುದಿಯ ಹಸಿರು ತೋರಿಸಲು ನನ್ನನ್ನು ಎತ್ತಿಕೊಳ್ಳುತ್ತಿದ್ದ.

ಒಂದು ವರ್ಷ ಬೇವು ಒಣಗತೊಡಗಿತು. ನಮ್ಮ ಕಡೆ ಮರದ ಮೇಲೆ ಬೆಳೆದದ್ದೆಲ್ಲ ಬದನಿಕೆಯೇ. ಮರದ ರಸ ಹೀರಿ ಕೊಲ್ಲುತ್ತದೆಂದು ಕಂಡಲ್ಲಿ ಕೊಯ್ದು ಬಿಸಾಡುತ್ತಾರೆ. ಓಣಿಯವರು ಕುಡಗೋಲು ಹಿಡಿದು ಬಂದರು. ದೊಡ್ಡಪ್ಪ ಅಡ್ಡ ನಿಂತ. "ಇದು ಬೇವಿನ ಗಿಡಾ ತಿನ್ನೂದಿಲ್ರಿ. ಗಾಳಿ ಮ್ಯಾಲ ಬದುಕತೈತಿ, ಸುಮ್ನ ಕುಂತಿರತೈತಿ" ಎಂದ. ಗಾಳಿ ತಿಂದು ಬದುಕುವ ಗಿಡವನ್ನು ಯಾರು ನಂಬಬೇಕು? ಅವ್ವ ಒಳಗಿನಿಂದ, ಅವನಿಗೆ ಕೇಳಲೆಂದೇ, ಅಪ್ಪನಿಗೆ ಹೇಳಿದಳು: "ಮನಿಯಾಗೊಂದು, ಗಿಡದಾಗೊಂದು. ಎರಡೂ ಕುಂತಲ್ಲೇ ಹೀರೂವು." ಅಪ್ಪ ಹಿತ್ತಿಲ ಬಾಗಿಲಿಂದ ಹೊಲಕ್ಕೆ ಹೋಗಿಬಿಟ್ಟ. ನನಗೆ ಅವ್ವ, ಅಪ್ಪ ಇಬ್ಬರ ಮೇಲೂ ಸಿಟ್ಟು ಬಂತು. ಇವತ್ತಿಗೂ ಅದು ಪೂರ್ತಿ ಇಳಿದಿಲ್ಲ.

ಮರುದಿನ ದೊಡ್ಡಪ್ಪ ಗಿಡವನ್ನು ತೊಗಟೆ ಸಮೇತ ಬಿಡಿಸಿಕೊಂಡ. "ಅಳ್ನಾವರದಾಗ ಅಡವಿ ಗಾಳಿ ಐತಿ, ಇದಕ್ಕ ಛಲೋ" ಎಂದು ಹೇಳಿ ರೈಲು ಹತ್ತಿದ. ಅಲ್ಲಿ ಕಟ್ಟಿಗೆ ಅಡ್ಡೆಯಲ್ಲಿ ಕಾವಲುಗಾರನಾದ.

ಅವನು ಹೋದ ಮೇಲೂ ಬೇವು ಒಣಗುತ್ತಲೇ ಹೋಯಿತು. ಕಡಿಸಿದರೆ ಬೊಡ್ಡೆಯೊಳಗೆ ಬರೀ ಗೆದ್ದಲು. ಅವ್ವ ಗೆದ್ದಲು ತಿಂದ ಚಕ್ಕೆಯೊಂದನ್ನು ಎತ್ತಿ ನೋಡಿ, "ಹೋಗಿ ಕರಕೊಂಡ ಬರ್ರಿ ಅವರನ್ನ" ಅಂದಳು. ಅಪ್ಪ ಹೋದ. ದೊಡ್ಡಪ್ಪ ಚಹಾ ಕುಡಿಸಿ, "ಇರ್ಲಿ ಬಿಡೋ ತಮ್ಮಾ, ನನಗೂ ಗಿಡಕ್ಕೂ ಇಲ್ಲೇ ಹಿಡಿಸೇತಿ" ಎಂದು ಕಳಿಸಿಬಿಟ್ಟನಂತೆ.

ಮುಂದಿನ ಮಳೆಗಾಲ ಜ್ವರ ಬಂದು ಅಲ್ಲೇ ತೀರಿಕೊಂಡ. ಮಣ್ಣು ಮಾಡಿ ಬಂದ ಅಪ್ಪನ ಕೈಯಲ್ಲಿ ಆ ಗಿಡವಿತ್ತು. ಅವ್ವ ಅದನ್ನು ಇಸಿದುಕೊಂಡು, ತನ್ನ ಸೀರೆಯ ಅಂಚು ಹರಿದು ಹಿತ್ತಿಲ ಹುಣಸೆ ಮರಕ್ಕೆ ಕಟ್ಟಿದಳು. ದಿನಾ ಗೋಣಿ ತೋಯಿಸುವುದು ಅವಳ ಕೆಲಸವಾಯಿತು.

ಅರಳಿದ ಹೂವನ್ನೆಲ್ಲ ದೇವರ ಜಗಲಿಗೆ ಏರಿಸುವ ಹೆಂಗಸು ಅವಳು. ಆ ಗಿಡ ಹೂ ಬಿಟ್ಟ ದಿನ ನಾನು ಬುಟ್ಟಿ ಹಿಡಿದು ಹೋದೆ.

"ಮುಟ್ಟಬ್ಯಾಡ" ಅಂದಳು. "ಬರೇ ಎಲಿ ಇದ್ದಾಗ ನಾವು ನೋಡಲಿಲ್ಲ. ಈಗ ಯಾವ ಮುಖಾ ಇಟಗೊಂಡು ಇದನ್ನ ದೇವರಿಗೆ ಏರಸೂಣು?"