ಹೆಕ್ಟರ್ ಕೂಗಿದ ಕೊನೆಯ ಆಟ

ಕೆನಡಾದ ನ್ಯೂ ವಾಟರ್‌ಫರ್ಡಿನ ಚರ್ಚ್ ಹಾಲಿನಲ್ಲಿ ಗುರುವಾರ ಬಂತೆಂದರೆ ಬಿಂಗೊ, ಕೂಗಿದ ನಂಬರಿಗೆ ಕಾರ್ಡಿನಲ್ಲಿ ಗುರುತು ಹಾಕುವ ಆಟ. ನಂಬರ್ ಕೂಗುವವನು ಹೆಕ್ಟರ್ ಬುಟಿಲಿಯೇ ಎಂಬ ಹಳೆಯ ಗಣಿಯಾಳು. ಗಣಿ ಮುಚ್ಚಿದ ಮೇಲೆ ಅವನಿಗೆ ಉಳಿದಿದ್ದು ಆ ಗಂಟಲೊಂದೇ. "ಬಿ ಹನ್ನೊಂದು, ಫ್ಲೋರಾಳ ಎರಡು ಕಡ್ಡಿಕಾಲು!" ಎಂದು ನನ್ನ ಮಾನ ಕಳೆದಾಗಲೆಲ್ಲ ಇಡೀ ಹಾಲ್ ನಗುತ್ತಿತ್ತು. ನಾನು ಅಲ್ಲಿಯ ಅಡುಗೆಮನೆಯ ಬಾಗಿಲಿಂದ ಸೌಟು ತೋರಿಸುತ್ತಿದ್ದೆ.

ನಾನು ಹೇಳಹೊರಟಿದ್ದು ಅವನ ಮಗಳು ನೊರೀನ್‌ಳ ಕಥೆ. ತಾಯಿಯಿಲ್ಲದ ಹುಡುಗಿ, ಆ ಹಾಲಿನ ಮೇಜಿನ ಕೆಳಗೇ ಬೆಳೆದವಳು. ಮದುವೆಗಳ ವಿಡಿಯೊ ತೆಗೆದು ಹೊಟ್ಟೆ ಹೊರೆಯುತ್ತಿದ್ದಳು. ಕುಣಿಯೋರನ್ನು ತೆಗೆದು ಹಾಡು ಅಂಟಿಸುವುದೂ ಒಂದು ಕೆಲಸವೇ? ಎಂದು ತನ್ನನ್ನು ತಾನೇ ಹಳಿದುಕೊಳ್ಳುತ್ತಿದ್ದಳು. ಪಕ್ಕದ ಸಿಡ್ನಿ ಎಂಬ ಊರಿನಲ್ಲಿ ಅವಳಂಥವರದೇ ಒಂದು ಗುಂಪಿತ್ತು. ತಿಂಗಳಿಗೊಮ್ಮೆ ಸೇರಿ ಒಬ್ಬರ ವಿಡಿಯೊ ಇನ್ನೊಬ್ಬರು ನೋಡುತ್ತಿದ್ದರು. ತೋರಿಸಿದವರು ವಿವರಣೆ ಕೊಡುವಂತಿಲ್ಲ ಎಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ.

ಅಲ್ಲಿ ಡಂಕನ್ ಎಂಬವನು ತನ್ನ ತಾಯಿಯ ವಿಡಿಯೊ ಭಾವಚಿತ್ರ ತೋರಿಸಿದ. ಮುದುಕಿ ಅಡುಗೆಮನೆಯ ಮೇಜಿನ ಮುಂದೆ ಕೂತು ಕ್ಯಾಮೆರಾವನ್ನೇ ನೋಡುತ್ತಾಳೆ. ಮಾತಿಲ್ಲ, ಸದ್ದೇ ಇಲ್ಲ. ನೊರೀನ್ ಅಳುತ್ತಾ ಮನೆಗೆ ಬಂದಳಂತೆ.

ಅಷ್ಟರಲ್ಲಿ ಹೆಕ್ಟರನಿಗೆ ಗಂಟಲ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಅಪ್ಪನದೂ ಅಂಥದೇ ಭಾವಚಿತ್ರ ತೆಗೆಯಲು ಮಗಳು ನಮ್ಮ ಹಾಲಿಗೇ ಕ್ಯಾಮೆರಾ ತಂದಳು. ಆ ದಿನ ಅಲ್ಲಿ ದೀಪ ಹಿಡಿದು ನಿಂತವಳು ನಾನೇ.

"ಒಂದಾಟ ಪೂರ್ತಿ ಕೂಗಿಬಿಡ್ತೀನಿ ಕಣೇ," ಎಂದ ಹೆಕ್ಟರ್. "ಆಮೇಲೂ ಗುರುವಾರದ ಹೆಂಗಸ್ರು ನನ್ನ ಕೈಲೇ ಸೋಲ್ಬೇಕು."

"ಮಾತು ಬೇಡಪ್ಪಾ. ಸುಮ್ನೆ ಕೂತ್ಕೊಂಡು ನೋಡು, ಸಾಕು."

"ನಾನು ಸುಮ್ನಿರೋದನ್ನ ಯಾರು ನೋಡ್ತಾರೆ? ಇನ್ಮೇಲೆ ಅದೇ ತಾನೆ ಇರೋದು!"

ಸ್ವಲ್ಪ ಹೊತ್ತು ಕೂತ. ಆಮೇಲೆ ತಡೆಯಲಾರದೆ ಕೂಗಲು ಶುರುಮಾಡಿದ. ಧ್ವನಿ ಆಗಲೇ ಒಡೆದಿತ್ತು. ಆದರೂ ಒಂದು ನಂಬರನ್ನೂ ಕುಂಟಿಸಲಿಲ್ಲ, ನನ್ನ ಕಾಲನ್ನೂ ಬಿಡಲಿಲ್ಲ. ನೊರೀನ್ ತಡೆಯಲಿಲ್ಲ. ಮುಖ ಚೆನ್ನಾಗಿ ಬರ್ತಿದೆ ಎಂದು ಪಿಸುಗುಟ್ಟಿದಳು. ಅವಳಿಗೆ ಮುಖ ಸಿಕ್ಕರೆ ಸಾಕಾಗಿತ್ತು.

ಆಪರೇಷನ್ ಆಯಿತು. ಕತ್ತಿನಲ್ಲಿ ತೂತು, ಬಾಯಲ್ಲಿ ಗಾಳಿ. ಹೆಕ್ಟರ್ ಮನೆ ಮನೆಗೆ ಹೋಗಿ, ಕೈಸನ್ನೆ ಮಾಡಿ, ನಮ್ಮನ್ನೆಲ್ಲ ಗುರುವಾರಕ್ಕೆ ಕರೆದ. ಹೆಂಗಸರೆಲ್ಲ ಕಾರ್ಡು ಹರಡಿಕೊಂಡು, ಗುರುತು ಹಾಕುವ ಶಾಯಿಬುಡ್ಡಿಗಳ ಮುಚ್ಚಳ ತೆಗೆದು ಕೂತರು. ವಿಡಿಯೊ ತೋರಿಸಲು ಪರದೆ ಕಟ್ಟಿದ್ದ ನೊರೀನ್ ಡಂಕನ್‌ನನ್ನೂ ಕರೆತಂದಿದ್ದಳು.

"ಸ್ಪೀಕರ್ ವೈರ್ ಎಲ್ಲಿ?" ಎಂದು ಕೇಳಿದ ಡಂಕನ್.

"ಬೇಕಿಲ್ಲ. ಮೈಕೇ ಹಾಕಿರ್ಲಿಲ್ಲ. ನಿನ್ನದರ ಹಾಗೇ ಮಾಡಿದ್ದೀನಿ."

ಅವನ ಕೈ ಅಲ್ಲೇ ನಿಂತಿತು. "ನಮ್ಮಮ್ಮಂಗೆ ಸ್ಟ್ರೋಕ್ ಹೊಡೆದು ಮಾತೇ ಬಿದ್ದುಹೋಗಿತ್ತು, ನೊರೀನ್. ಒಂದೇ ಒಂದು ಮಾತು ಬಂದಿದ್ರೂ ನಾನು ಬಿಡ್ತಿದ್ನಾ?"

ಅವಳು ತಿರುಗಿ ಮೇಜುಗಳನ್ನು ನೋಡಿದಳು. ಕಾರ್ಡುಗಳನ್ನು ಅವಳು ಕಂಡಿದ್ದು ಆಗಷ್ಟೇ. ವಿಡಿಯೊದಲ್ಲಿ ಹೆಕ್ಟರ್ ಕೂಗುವ ಆಟ ಆಡಲು ನಾವು ಬಂದಿದ್ದೇವೆಂದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಹೆಕ್ಟರ್ ಅವಳ ಕೈಯಿಂದ ರಿಮೋಟ್ ಕಿತ್ತುಕೊಂಡು ಒತ್ತಿಯೇಬಿಟ್ಟ.

ಪರದೆಯ ಮೇಲೆ ಅವನು ಕೂತಿದ್ದ. ತುಟಿ ಅಲ್ಲಾಡತೊಡಗಿತು. ಹೆಕ್ಟರ್ ಬೆರಳೆತ್ತಿ ನಮಗೆ ಸುಮ್ಮನಿರಲು ಹೇಳಿ, ರಿಮೋಟಿನಿಂದ ಸೌಂಡ್ ಏರಿಸಿದ. ಇನ್ನೂ ಏರಿಸಿದ. ಪರದೆಯ ಕೆಳಗೆ ಸೌಂಡ್ ತೋರಿಸುವ ಹಸಿರು ಗೆರೆ ತುದಿ ಮುಟ್ಟಿತು. ರಿಮೋಟನ್ನು ಅಂಗೈಗೆ ಬಡಿದು ಮತ್ತೆ ಒತ್ತಿದ. ಶಾಯಿಬುಡ್ಡಿ ಹಿಡಿದ ನಮ್ಮ ಕೈಗಳು ಎತ್ತಿದಲ್ಲೇ ಇದ್ದವು.

"ಅಪ್ಪಾ, ಅದರಲ್ಲಿ ಸೌಂಡ್ ಇಲ್ಲ," ಎಂದಳು ನೊರೀನ್. "ನಾನೇ ಮೈಕ್ ಹಾಕಿರ್ಲಿಲ್ಲ."

ಹೆಕ್ಟರ್ ರಿಮೋಟ್ ಕೆಳಗಿಟ್ಟ. ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ. ವಿಡಿಯೊ ಮುಗಿಯುವವರೆಗೂ, ಅವಳು ಕ್ಯಾಮೆರಾ ಮುಂದೆ ಹೇಗೆ ಕೂರು ಎಂದಿದ್ದಳೋ ಹಾಗೇ, ಸುಮ್ಮನೆ ಕೂತು ಮಗಳನ್ನೇ ನೋಡಿದ.