ಹವಾಲ್ದಾರರಿಗೆ ಹೇಳದೇ ಉಳಿದದ್ದು

ಹವಾಲ್ದಾರರ ಎಡ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ, ಒಂದು ಗಂಟಿತ್ತು. ಅರ್ಧ ಚಡ್ಡಿ ಹಾಕಿ ಬೆಟಗೇರಿಯ ಮೈದಾನದಲ್ಲಿ ನಿಂತರೆ ಎಳೆಬಿಸಿಲಿಗೆ ಅದು ಬೆಲ್ಲದ ಹೆಂಟೆಯಂತೆ ಹೊಳೆಯುತ್ತಿತ್ತು. ಸೈನ್ಯದ ತರಬೇತಿಯಲ್ಲಿ ನೋವು ಮುಚ್ಚಿಟ್ಟು ಓಡಿ, ಎಲುಬು ಮುರಿದು ಕೂಡಿದ ಗುರುತು. "ಇಂಥಾ ಗಂಟು ನಿಮಗ್ಯಾರಿಗೂ ಬ್ಯಾಡ" ಎಂದು ಹೊಸ ಹುಡುಗಿಯರಿಗೆಲ್ಲ ತೋರಿಸುತ್ತಿದ್ದರು.

ನಿವೃತ್ತರಾಗಿ ಹಿರೇವಡ್ಡಟ್ಟಿಯಿಂದ ನಮ್ಮ ಓಣಿಗೆ ಬಂದವರು. ಸೇನೆಯ ಭರ್ತಿಗೆ ತಯಾರಾಗುವ ಹುಡುಗಿಯರನ್ನು ಓಡಿಸುತ್ತಿದ್ದರು. ನನ್ನ ಮಗಳೂ ಅವರಲ್ಲೊಬ್ಬಳು. ಡಾಂಬರು ರಸ್ತೆಗೆ ಇಳಿಸುತ್ತಿರಲಿಲ್ಲ. ಓಟವನ್ನು ವಾರವಾರಕ್ಕೆ ಚೂರೇ ಚೂರು ಏರಿಸಿ ನಾಲ್ಕನೆಯ ವಾರ ಇಳಿಸುತ್ತಿದ್ದರು. ಯಾರು ಎಷ್ಟು ಓಡಿದರೆಂಬ ದಿನದಿನದ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದರು. ಕೊನೆಗೆ ಎಲ್ಲರನ್ನೂ ಕೂಡಿಸಿ, "ನೋವು ಎಲ್ಲೈತಿ, ತೋರಸ್ರಿ" ಎನ್ನುವರು. ಅಂಗೈಯಿಂದ ಕಾಲು ಸವರಿ ತೋರಿಸಿದವರಿಗೆ ಎರಡು ದಿನ ಬರೀ ನಡಿಗೆ. ಒಂದೇ ಬೆರಳಿಟ್ಟು ತೋರಿಸಿದರೆ ಅದು ಎಲುಬಿನ ನೋವು; ಓಟ ಬಂದ್, ನೆಟ್ಟಗೆ ಡಾಕ್ಟರ ಹತ್ತಿರ.

ಒಂದನ್ನು ಮಾತ್ರ ಹುಡುಗಿಯರನ್ನು ಕೇಳಲಾರರು. ಅದಕ್ಕೆ ತಾಯಂದಿರನ್ನು ಕರೆದು, ಬೇವಿನ ಗಿಡದ ಕಡೆ ಮುಖ ತಿರುಗಿಸಿ ಕೇಳುತ್ತಿದ್ದರು: "ಅಕ್ಕಾರ, ತಿಂಗಳಾ ತಿಂಗಳಾ ಸರಿ ಆಗ್ತಾಳಲ್ರೀ? ಅದು ತಪ್ಪಿದ್ರ ಉಣ್ಣೂದು ಸಾಲವಲ್ದು ಅಂತ ತಿಳ್ಕೋಬೇಕು. ಎಲುಬು ಸೊರಗತಾವ."

ಮಗಳು ಮೈ ಹಗುರಾಗಲೆಂದು ರೊಟ್ಟಿ ಬಿಟ್ಟಿದ್ದಳು. ಮೂರು ತಿಂಗಳಿಂದ ತಪ್ಪಿತ್ತು. ನನಗದು ಗೊತ್ತಿತ್ತು. ಆದರೆ ನನ್ನನ್ನು ಓದಿಸಿದ ಕಾನ್ವೆಂಟಿನ ಸಿಸ್ಟರುಗಳು ಆ ಮಾತನ್ನು ಪಿಸುಗುಟ್ಟಿಯೂ ಆಡಿದವರಲ್ಲ. ಗಂಡಸರ ಮುಂದೆ ಹೇಗೆ ಹೇಳುವುದು? ಭರ್ತಿಗೆ ಒಂದೇ ತಿಂಗಳಿತ್ತು, ವಯಸ್ಸಿನ ಮಿತಿಯಿಂದ ಅವಳಿಗದೇ ಕೊನೆಯದು. ಓಟ ನಿಲ್ಲಿಸಿಬಿಟ್ಟರೆ ಎಂಬ ಹೆದರಿಕೆ ಬೇರೆ. "ಎಲ್ಲಾ ಸರಿ ಐತ್ರಿ" ಎಂದೆ.

ಅಂದಿನಿಂದ ಅವಳು ಬೂಟು ಕಟ್ಟುವಾಗಲೆಲ್ಲ ಅವಳ ಕಾಲನ್ನೇ ನೋಡುತ್ತಿದ್ದೆ. ಮೆಟ್ಟಿಲಿಳಿಯುವಾಗ ಬಲಗಾಲು ತಡೆದು ಇಡುತ್ತಿದ್ದಾಳೇನೋ ಎಂದು ಅಡುಗೆಮನೆಯಿಂದಲೇ ಕಿವಿಗೊಡುತ್ತಿದ್ದೆ. ಹತ್ತನೆಯ ದಿನ ಮೈದಾನದಲ್ಲಿ ಅವಳು ಒಂದೇ ಬೆರಳಿಟ್ಟಳು.

ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ಅವರಿಗೆ ನಿಜ ಹೇಳಿದೆ. "ಹೊಟ್ಟಿ ತುಂಬ ಉಣ್ಣಸ್ರಿ. ಎರಡು ತಿಂಗಳು ಓಟದ ಹೆಸರು ಎತ್ತಬ್ಯಾಡ್ರಿ. ಹಿಂಗ ಓಡಿದ್ದರ ಪೂರಾ ಮುರೀತಿತ್ತು" ಎಂದರು.

ಹೊರಗೆ ಬೆಂಚಿನ ಮೇಲಿದ್ದ ಹವಾಲ್ದಾರರು ಎದ್ದು ನಿಂತರು. "ಏನಂದ್ರು, ಅಕ್ಕಾರ?"

"ಓಟ ಜಾಸ್ತಿ ಆತಂತ್ರಿ."

ಅವರ ಮುಖ ಸಣ್ಣದಾಯಿತು. "ಹಂಗಾರ ತಪ್ಪು ನಂದ."

ಭರ್ತಿ ಕೈತಪ್ಪಿತು, ಕಾಲು ಉಳಿಯಿತು. ಶುಕ್ರವಾರಕ್ಕೊಮ್ಮೆ ಅವರು ಶೇಂಗಾ ಉಂಡಿ ತಂದು, "ಜಲ್ದಿ ತಿನ್ನವಾ ತಂಗಿ, ನಿಮ್ಮವ್ವ ಪಾಲು ಕೇಳ್ಯಾಳು" ಎಂದು ನಗಿಸುವರು. ಇವತ್ತು ಹೇಳಿಯೇ ಬಿಡೋಣವೆಂದು ಚಹಾ ತಂದವಳು ಕಪ್ಪು ಇಟ್ಟು ಒಳಗೆ ಹೋಗುತ್ತಿದ್ದೆ.

ಹೋದ ವರ್ಷ ಹವಾಲ್ದಾರರು ಎದೆನೋವು ಬಂದು ತೀರಿಕೊಂಡರು. ನಾನು ಹೋಗಿ ಅವರ ಹೆಂಡತಿಯ ಪಕ್ಕ ಕುಳಿತೆ. ಆಕೆ ಹೇಳಿದರು: "ನಿಮ್ಮ ಮಗಳ ನೆನಪು ಬಂದಾಗೊಮ್ಮೆ ಓಟದ ವಹಿ ತಗೀತಿದ್ರು. ಯಾವ ದಿನ ಹೆಚ್ಚು ಓಡಿಸಿದ್ನೋ ಅಂತ ಹಾಳಿ ತಿರುವಿ ತಿರುವಿ ನೋಡವ್ರು."

ಮಗಳಿಗೆ ತಪ್ಪಿದ್ದು, ನಾನು ಮುಚ್ಚಿಟ್ಟದ್ದು, ಇದ್ದದ್ದನ್ನೆಲ್ಲ ಆಕೆಗೆ ಹೇಳಿದೆ.

ಆಕೆ ಬೈಯಲಿಲ್ಲ.

"ಹಂಗಾರ ಆ ವಹಿಯಾಗ ಇರಲಾರದ್ದನ್ನ ಹುಡುಕಿದ್ರು ಅನ್ರಿ" ಎಂದರು.