ಆಟದ ಕಾವಲುಗಾರನಿಗೆ ನಾನು ಮಾಡಿದ ಆಡಿಟ್ ತಯಾರಿ

ನಲವತ್ತಾರು ವರ್ಷದ ಗಂಡಸೊಬ್ಬ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕಂಪ್ಯೂಟರ್ ಆಟಕ್ಕೆ ಕೂತು, ತಲೆಗೆ ಹೆಡ್‌ಫೋನ್ ಏರಿಸಿಕೊಂಡು, "ಹಿಂದೆ ಬಂದ, ಹಿಂದೆ ಬಂದ, ಹೊಡಿ!" ಎಂದು ಕಿರುಚುವುದನ್ನು ನಮ್ಮ ಬೀದಿಯವರು ಮೊದಮೊದಲು ಮನೆಜಗಳ ಎಂದುಕೊಂಡಿದ್ದರು. ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಎದುರು ಮನೆಯ ಅಜ್ಜಿ ಮಾತ್ರ ನನ್ನ ಹೆಂಡತಿಯನ್ನು ಕಂಡಾಗಲೆಲ್ಲ ಪಾಪ ಎನ್ನುವಂತೆ ನೋಡುತ್ತಾರೆ.

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಸೂಪರ್‌ವೈಸರ್. ಹೊಲಿದು ಬಂದ ಟೀ ಶರ್ಟನ್ನು ಒಳಗು ಹೊರಗು ಮಾಡಿ, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ತೂತಿದೆ, ಎಲ್ಲಿ ಎಣ್ಣೆಕಲೆ ಇದೆ ಎಂದು ನೋಡುವುದು ನನ್ನ ಹೊಟ್ಟೆಪಾಡು. ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆಯುವವನಿಗೆ ತನ್ನಲ್ಲೂ ಒಂದೆರಡು ಇರಬಹುದೆಂಬ ಅನುಮಾನ ಬೇಗ ಬರುವುದಿಲ್ಲ.

ಆಟಕ್ಕೆ ನಾವು ಮೂವರು. ಒಬ್ಬ ನನ್ನ ಹೆಂಡತಿಯ ತಮ್ಮ. ವಾಲ್ಪಾರೈಯ ಟೀ ಎಸ್ಟೇಟೊಂದರ ಆಫೀಸಿನಲ್ಲಿ ಗುಮಾಸ್ತ. ಇನ್ನೊಬ್ಬ ತುಮಕೂರಿನ ಕಡೆಯಿಂದ ಬಂದು ನಮ್ಮ ಕಂಪನಿಯ ಶಿಪ್ಪಿಂಗ್ ವಿಭಾಗ ಸೇರಿದ ಗೆಳೆಯ. ನಮ್ಮದು ತಲೆಮಾರುಗಳಿಂದ ಈ ಸೀಮೆಯಲ್ಲೇ ಇರುವ ನೇಯ್ಗೆಯವರ ಮನೆತನ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನಗೆ ಕನ್ನಡದ ಅಕ್ಷರ ಗೊತ್ತಿರಲಿಲ್ಲ. ಟೀ ಬಿಡುವಿನಲ್ಲಿ ಹಳೆಯ ಪ್ಯಾಕಿಂಗ್ ರಟ್ಟಿನ ಮೇಲೆ ಬರೆದು ಕಲಿಸಿದವನು ಈ ತುಮಕೂರಿನವನೇ. ನಾನು ಮಾತಾಡುವುದು ಕನ್ನಡವೇ ಅಲ್ಲ ಎಂದು ಆಗಾಗ ಹೇಳುತ್ತಾನೆ. ಆ ಸೇಡು ತೀರಿಸಿಕೊಳ್ಳಲೇ ಈಗ ಇದನ್ನು ಬರೆಯುತ್ತಿದ್ದೇನೆ ಎಂದರೂ ತಪ್ಪಲ್ಲ.

ನಾವು ಮೂರು ವರ್ಷದಿಂದ ಕಾಯುತ್ತಿದ್ದ ಆಟವೊಂದು ಈ ವರ್ಷ ಬಂತು. ಅದರ ಜೊತೆಗೆ ಒಬ್ಬ ಕಾವಲುಗಾರನೂ ಬಂದ. ಯಾರೂ ಆಟವನ್ನು ಕದ್ದು ನಕಲು ಮಾಡಬಾರದೆಂದು ಕಂಪನಿಯವರು ಸೇರಿಸಿದ ಒಂದು ಪ್ರೋಗ್ರಾಂ ಅದು. ಕಂಪ್ಯೂಟರ್ ಹಚ್ಚಿದ ಕೂಡಲೇ, ನೀವು ಆಡಿ ಬಿಡಿ, ಅದು ಎದ್ದು ಕೂರುತ್ತದೆ. ಇಂಟರ್ನೆಟ್ ಸದಾ ಇರಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಬೇರೆ ಏನೇನಿದೆ ಎಂದು ಇಣುಕಿ ನೋಡುತ್ತದೆ. ಅನುಮಾನ ಬಂದರೆ ನಿಮ್ಮ ಖಾತೆಯನ್ನೇ ಮುಚ್ಚುತ್ತದೆ.

ಒಂದು ತಿಂಗಳು ನಾವು ಆಡಲಿಲ್ಲ, ಬರೀ ವಾದ ಮಾಡಿದೆವು.

"ಕದಿಯದೇ ಇರೋರಿಗೆ ಏನ್ ಭಯ ಸರ್?" ಎಂದು ತುಮಕೂರಿನವನು ಶುರು ಮಾಡಿದ. "ಎಷ್ಟೋ ಜನ ವರ್ಷಗಟ್ಟಲೆ ಕೂತು ಮಾಡಿರೋ ಕೆಲಸ. ಬಿಡುಗಡೆಯಾದ ದಿನವೇ ಎಲ್ಲರೂ ಪುಕ್ಕಟೆ ಇಳಿಸಿಕೊಂಡರೆ ಅವರು ಊಟಕ್ಕೇನು ಮಾಡಬೇಕು?"

"ಭಾವ, ಅವ್ರು ಹೇಳೋದು ಶರಿ. ಆದ್ರೆ ಇಲ್ಲಿ ಪನಿ ಇಳಿದ್ರೆ ಟವರ್ ಹೋಗುತ್ತೆ," ಎಂದ ನನ್ನ ಭಾವಮೈದ. ಪನಿ ಎಂದರೆ ಮಂಜು. ವಾಲ್ಪಾರೈಯಲ್ಲಿ ಅದಕ್ಕೆ ಹೊತ್ತುಗೊತ್ತಿಲ್ಲ. "ನಾನು ಕಾಸು ಕೊಟ್ಟು ತಗೊಂಡ್ರೂ ಪನಿ ಬಂದ ಕೂಡ್ಲೆ ನನ್ನ ಹೊರಗೆ ತಳ್ಳುತ್ತೆ. ಕದ್ದವನು ಆರಾಮಾ ಆಡ್ತಾನೆ. ಇದು ಏನು ನ್ಯಾಯ?"

ಅವನದು ನಿಜವಾದ ಕಷ್ಟ. ನನಗೆ ಅಂಥ ಯಾವ ಕಷ್ಟವೂ ಇರಲಿಲ್ಲ. ಹಾಗಾಗಿ ನಾನು ತತ್ತ್ವ ಹಿಡಿದೆ.

"ಪ್ರಶ್ನೆ ಟವರಿನದಲ್ಲ," ಎಂದೆ. "ನನ್ನ ಮನೆ, ನನ್ನ ಕಂಪ್ಯೂಟರ್. ನನ್ನ ಕೇಳ್ದೆ ಒಳಗೆ ಬಂದು ನನ್ನ ಬೀರು ತೆಗೆದು ನೋಡೋಕೆ ಇವನ್ಯಾರು? ಕಾಸು ಕೊಟ್ಟು ತಗೊಂಡವರನ್ನ ಕಳ್ಳರ ಹಾಗೆ ನೋಡೋದಾ?"

ಈ ಮಾತು ನನಗೇ ಬಹಳ ಹಿಡಿಸಿತು. ಮರುದಿನ ಅದನ್ನು ತಮಿಳಿನಲ್ಲಿ ಬರೆದು ಆಟಗಾರರ ದೊಡ್ಡ ಗುಂಪಿಗೆ ಹಾಕಿದೆ. ಇನ್ನೂರಕ್ಕೂ ಹೆಚ್ಚು ಜನ ಬೆರಳೆತ್ತಿ ಮೆಚ್ಚಿದರು. ಜೀವಮಾನದಲ್ಲಿ ನನ್ನ ಮಾತನ್ನು ಅಷ್ಟು ಜನ ಒಪ್ಪಿದ್ದು ಅದೇ ಮೊದಲು. ಉಬ್ಬಿಹೋದೆ. ಈ ಆಟವನ್ನು ಯಾರೂ ಕೊಳ್ಳಬಾರದು ಎಂದು ಬಹಿಷ್ಕಾರ ಸಾರಿದೆ. ಚೆಕಿಂಗ್ ಮೇಜಿನ ಮುಂದೆ ನಿಂತಾಗಲೂ ಮನಸ್ಸಿನಲ್ಲಿ ಭಾಷಣ ನಡೆಯುತ್ತಿತ್ತು. ಆ ವಾರ ಎರಡು ತೋಳಿನ ಉದ್ದ ಬೇರೆ ಬೇರೆ ಇದ್ದ ಶರ್ಟೊಂದನ್ನು ಪಾಸು ಮಾಡಿ ಬೈಸಿಕೊಂಡೆ.

ನಿಜ ಹೇಳಬೇಕೆಂದರೆ, ನನ್ನ ತತ್ತ್ವದ ಹಿಂದೆ ಒಂದು ಸಣ್ಣ ವಿಷಯ ಅಡಗಿತ್ತು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕಳ್ಳಮಾಲಿತ್ತು.

ನನ್ನ ಹೆಂಡತಿ ಮನೆಯಲ್ಲೇ ಎಂಬ್ರಾಯ್ಡರಿ ಪಂಚಿಂಗ್ ಮಾಡುತ್ತಾಳೆ. ಕಾಗದದ ಮೇಲಿನ ಚಿತ್ರವನ್ನು ನೋಡಿ, ಸೂಜಿ ಎಲ್ಲಿ ಬೀಳಬೇಕು, ನೂಲು ಯಾವ ದಿಕ್ಕಿಗೆ ಓಡಬೇಕು, ಎಲ್ಲಿ ಕತ್ತರಿಸಬೇಕು ಎಂದು ಮಷಿನ್ನಿಗೆ ಅರ್ಥವಾಗುವ ಹಾಗೆ ಕಂಪ್ಯೂಟರಿನಲ್ಲಿ ಬರೆದುಕೊಡುವ ಕೆಲಸ. ಆ ಸಾಫ್ಟ್‌ವೇರನ್ನು ಆರು ವರ್ಷದ ಹಿಂದೆ ನಾನೇ ಒಂದು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟಿದ್ದೆ. ಬೀಗ ಒಡೆದ ನಕಲು. ಇಲ್ಲಿ ಅದಕ್ಕೆ ತಿರುಟ್ಟು, ಅಂದರೆ ಕದ್ದ, ಸಾಫ್ಟ್‌ವೇರ್ ಎನ್ನುತ್ತಾರೆ. ಹಾಕಿಕೊಟ್ಟ ದಿನ ನಾನು ದೊಡ್ಡ ಉಪಕಾರ ಮಾಡಿದವನಂತೆ ಕಾಫಿ ಕೇಳಿ ಕುಡಿದದ್ದು ನೆನಪಿದೆ.

ಅವಳು ಮಾಡಿದ ಡಿಸೈನುಗಳೆಲ್ಲ ಕೆಲಸ ಕೊಡುವ ಪಂಚಿಂಗ್ ಸೆಂಟರಿನ ಹೆಸರಿನಲ್ಲೇ ಹೋಗುತ್ತಿದ್ದವು. ಈ ಸಲ ಮೊದಲ ಬಾರಿಗೆ ಮಕ್ಕಳ ಉಡುಪಿನ ಒಂದು ಕಂಪನಿಯವರು ನೇರವಾಗಿ ಅವಳನ್ನೇ ಕರೆದಿದ್ದರು. ಕೊಡೆ ಹಿಡಿದ ಆನೆಮರಿಯ ಚಿತ್ರ. ಶನಿವಾರ ಸಂಜೆಯೊಳಗೆ ಫೈಲನ್ನೂ ಬಟ್ಟೆಯ ಮೇಲೆ ಹೊಲಿಸಿದ ಒಂದು ಸ್ಯಾಂಪಲ್ಲನ್ನೂ ಕೊಡಬೇಕು. ಜೊತೆಗೆ ಹೋಗುವ ಹಾಳೆಯಲ್ಲಿ ಡಿಸೈನ್ ಮಾಡಿದವರು ಎಂಬಲ್ಲಿ ಅವಳದೇ ಹೆಸರು. ಒಪ್ಪಿಗೆಯಾದರೆ ಮುಂದಿನ ಡಿಸೈನುಗಳೂ ಅವಳ ಹೆಸರಿನಲ್ಲೇ. ಹೆಸರಿನ ಹಿಂದೆ ಇನಿಷಿಯಲ್ ಅಪ್ಪನದು ಹಾಕುವುದೋ ನನ್ನದೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಯಾರದೂ ಬೇಡವೆಂದು ತೀರ್ಮಾನಿಸಿದ್ದಳು. ಆನೆಯ ಸೊಂಡಿಲಿನ ಮಡಿಕೆಗಳನ್ನು ಮಾತ್ರ ಏಳು ಸಲ ಬಿಚ್ಚಿ ಬರೆದಳು. "ಶರಿಯಾಗಿ ಬಂದಿದೆಯಾ ನೋಡಿ" ಎಂದು ಕರೆದಾಗ ನಾನು ಹೆಡ್‌ಫೋನ್ ತೆಗೆಯದೆಯೇ ತಲೆಯಾಡಿಸಿದ್ದೆ.

ಬಹಿಷ್ಕಾರ ಸಾರಿದ ಮೂರನೆಯ ವಾರ ನಾನೇ ಆ ಆಟವನ್ನು ಕೊಂಡೆ. ಶತ್ರುವನ್ನು ಒಳಗಿನಿಂದ ಅಧ್ಯಯನ ಮಾಡಲು ಎಂದು ನನಗೆ ನಾನೇ ಹೇಳಿಕೊಂಡೆ. ಆಸೆ ತಡೆಯಲಾಗಲಿಲ್ಲ ಎಂಬುದು ಅದರ ಸರಳ ಅನುವಾದ.

ಹಾಕುವ ಮುಂಚೆ ಭಯವಾಯಿತು. ಕಾವಲುಗಾರ ಒಳಗೆ ಬಂದು ಆ ತಿರುಟ್ಟು ಸಾಫ್ಟ್‌ವೇರನ್ನು ಕಂಡುಹಿಡಿದರೆ? ಖಾತೆ ಮುಚ್ಚಿದರೆ? ಬಹಿಷ್ಕಾರದ ನಾಯಕ ಆಟ ಕೊಂಡದ್ದೂ, ಕಳ್ಳನೆಂದು ಹೊರಗೆ ಹಾಕಿಸಿಕೊಂಡದ್ದೂ ಒಟ್ಟಿಗೆ ಬಯಲಾದರೆ?

ಆಗ ನನ್ನ ಕೈ ತಾನಾಗಿಯೇ ನಮ್ಮ ಊರಿನ ಕೆಲಸ ಮಾಡಿತು. ತಿರುಪ್ಪೂರಿನಲ್ಲಿ ವಿದೇಶದ ಬಯ್ಯರ್ ಕಡೆಯಿಂದ ಫ್ಯಾಕ್ಟರಿ ತಪಾಸಣೆಗೆ ಆಡಿಟ್ ಬರುತ್ತದೆಂದರೆ ಹಿಂದಿನ ದಿನ ಒಂದು ಹಬ್ಬವೇ ನಡೆಯುತ್ತದೆ. ನೆಲ ತೊಳೆಯುತ್ತಾರೆ. ಬರಿದಾಗಿದ್ದ ಔಷಧಿ ಡಬ್ಬಿ ತುಂಬುತ್ತಾರೆ. ಯಾರಾದರೂ ಪ್ರಶ್ನೆ ಕೇಳಬಹುದು ಎನಿಸಿದ ಎಲ್ಲವನ್ನೂ ಹಿಂದಿನ ಗೇಟಿನಿಂದ ಹೊರಗೆ ಸಾಗಿಸುತ್ತಾರೆ. ಅದು ಏನು, ಯಾರದು, ನಾಳೆ ಬೇಕಾಗುತ್ತದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಮೊದಲು ಕಣ್ಣಿಗೆ ಕಾಣಬಾರದು, ಅಷ್ಟೆ. ಇಪ್ಪತ್ತು ವರ್ಷ ನಾನು ಇದನ್ನು ಮಾಡಿದ್ದೇನೆ. ಇದರಲ್ಲಿ ನನಗೆ ಹೆಸರೂ ಇದೆ.

ಶುಕ್ರವಾರ ನಮ್ಮ ಕಂಪನಿಗೆ ರಜೆಯಿತ್ತು. ಹೆಂಡತಿ ಆನೆಮರಿಗೆ ನೂಲಿನ ಬಣ್ಣ ಆರಿಸಲು ಅಂಗಡಿಗೆ ಹೋದಳು. ನಾನು ಕಂಪ್ಯೂಟರಿಗೆ ಆಡಿಟ್ ತಯಾರಿ ಮಾಡಿದೆ. ಪಂಚಿಂಗ್ ಸಾಫ್ಟ್‌ವೇರನ್ನು ಕಿತ್ತೆ. ಅದರ ಫೋಲ್ಡರ್ ಅಳಿಸಿದೆ. ಅದು ಬಿಟ್ಟುಹೋದ ಚೂರುಪಾರುಗಳನ್ನೂ ಹುಡುಕಿ ಹುಡುಕಿ ಗುಡಿಸಿದೆ. ಅವಳ ಡಿಸೈನುಗಳನ್ನು ಮಾತ್ರ ಮುಟ್ಟಲಿಲ್ಲ. ಭಾನುವಾರ ಆಡಿ ಮುಗಿಸಿ, ಆಟವನ್ನು ತೆಗೆದು, ಪೆನ್‌ಡ್ರೈವಿನಿಂದ ಮತ್ತೆ ಹಾಕಿಕೊಟ್ಟರೆ ಆಯಿತು, ಶನಿವಾರದ ಕೆಲಸ ಆಗಲೇ ಮುಗಿದಿರುತ್ತದೆ ಎಂದುಕೊಂಡೆ. ತಲೆಯಾಡಿಸಿದ್ದೆನಲ್ಲ, ಮುಗಿದಿದೆ ಎಂದೇ ನನ್ನ ಎಣಿಕೆ.

ಅವಳು ಬಂದು ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂತಳು.

"ಏನುಂಗ, ಇಲ್ಲಿದ್ದ ಪಂಚಿಂಗ್ ಎಲ್ಲಿ?"

"ತೆಗೆದೆ. ತಿರುಟ್ಟು ಅಲ್ವಾ, ಸುಮ್ನೆ ಯಾಕೆ ತೊಂದ್ರೆ ಅಂತ. ಸೋಮವಾರ ಹಾಕಿ ಕೊಡ್ತೀನಿ. ಆನೆ ಮುಗೀತಲ್ಲ?"

"ಮುಗೀಲಿಲ್ಲ. ಬಣ್ಣ ಹಾಕಿ ಮಷಿನ್ ಫೈಲ್ ಮಾಡ್ಬೇಕು."

"ಹಂಗಾದ್ರೆ ಈಗಲೇ ಹಾಕ್ತೀನಿ. ಆ ಪೆನ್‌ಡ್ರೈವ್ ತಾ."

ಅವಳು ಎದ್ದು ಬೀರುವಿನ ಕಡೆ ಹೋದಳು. ಸೀರೆಗಳ ಅಡಿಯಿಂದ ತಂದದ್ದು ಪೆನ್‌ಡ್ರೈವ್ ಅಲ್ಲ, ಒಂದು ಬಿಲ್ಲು. ಎಂಟು ತಿಂಗಳ ಹಿಂದೆ, ಅವಳ ಹೆಸರಿನಲ್ಲಿ, ಅದೇ ಸಾಫ್ಟ್‌ವೇರಿನ ಅಸಲಿ ಪ್ರತಿಯನ್ನು ಕೊಂಡ ಬಿಲ್ಲು. ನಾನು ಹಾಕಿಕೊಟ್ಟಿದ್ದ ನಕಲು ನಡುನಡುವೆ ಹೊಲಿಗೆ ನುಂಗುತ್ತಿತ್ತಂತೆ. ಸೆಂಟರಿನವರು ಎರಡು ಸಲ ಫೈಲು ವಾಪಸು ಕಳಿಸಿದ್ದರಂತೆ. ಅದನ್ನು ತೆಗೆದು ಅಸಲಿಯನ್ನು ಹಾಕಿಕೊಂಡಿದ್ದಳು; ನಾನು ಕಿತ್ತದ್ದು ಆ ಅಸಲಿಯನ್ನೇ. ತೆರೆಯ ಮೇಲೆ ಎರಡರ ಚಿಹ್ನೆಯೂ ಒಂದೇ. ಟೀ ಶರ್ಟಿನಲ್ಲಿ ಸೂಜಿಮೊನೆಯಷ್ಟು ತೂತು ಕಾಣುವ ನನಗೆ ಎಂಟು ತಿಂಗಳಲ್ಲಿ ಇದು ಕಂಡಿರಲಿಲ್ಲ.

ಮತ್ತೆ ಹಾಕಲು ನೋಡಿದೆವು. ಅದಕ್ಕೂ ಒಬ್ಬ ಕಾವಲುಗಾರನಿದ್ದ. ಈ ಪ್ರತಿ ಈಗಾಗಲೇ ಒಂದು ಕಂಪ್ಯೂಟರಿನಲ್ಲಿ ನೋಂದಾಯಿತವಾಗಿದೆ, ಮತ್ತೊಮ್ಮೆ ಕೊಡುವಂತಿಲ್ಲ ಎಂದಿತು. ಆ ಕಂಪ್ಯೂಟರ್ ಇದೇ ಎಂದು ಅದಕ್ಕೆ ಹೇಳುವ ದಾರಿಯಿರಲಿಲ್ಲ. ಗುರುತಿನ ಚೂರುಪಾರುಗಳನ್ನೆಲ್ಲ ನಾನು ಗುಡಿಸಿಬಿಟ್ಟಿದ್ದೆ.

ಶನಿವಾರ ಬೆಳಿಗ್ಗೆ ಆ ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಅವಳು ಫೋನ್ ಮಾಡಿದಳು. ಅರ್ಜಿ ಕಳಿಸಿ, ಬುಧವಾರದೊಳಗೆ ನೋಡುತ್ತೇವೆ ಎಂದು ಆ ಕಡೆಯ ಹೆಂಗಸು ತಮಿಳಿನಲ್ಲಿ ಮೃದುವಾಗಿ ಹೇಳಿದರು. ಇವಳು ಮತ್ತೆ ಮತ್ತೆ ವಿನಂತಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಫೋನ್ ಕಸಿದುಕೊಂಡು, ತಿಂಗಳಿಂದ ಹದ ಮಾಡಿಟ್ಟಿದ್ದ ಮಾತನ್ನು ಬಿಟ್ಟೆ: ಕಾಸು ಕೊಟ್ಟು ತಗೊಂಡವರನ್ನ ಕಳ್ಳರ ಹಾಗೆ ನೋಡೋದಾ?

"ಇಲ್ಲ ಸಾರ್. ಮೊದಲಿದ್ದದ್ದನ್ನು ತೆಗೆದವರು ಯಾರು ಸಾರ್?"

"ನಾನು."

"ಯಾಕೆ ಸಾರ್?"

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹುಟ್ಟಲಿಲ್ಲ. "ತಿರುಟ್ಟು ಅಂತ ನೆನೆಸಿದೆ" ಎಂದೆ.

ಆ ಕಡೆಯಿಂದ ಅದೇ ಮೃದು ದನಿ: "ಹಾಗೆ ನೆನೆಸೋಕೆ ಏನಾದರೂ ಕಾರಣ ಇತ್ತಾ ಸಾರ್?"

ಹೆಂಡತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಅರ್ಜಿ ಕಳಿಸುತ್ತೇನೆ ಎಂದು ಹೇಳಿ ಇಟ್ಟಳು.

ಹೊಲಿಗೆ ನುಂಗುವ ಆ ಹಳೆಯ ನಕಲು ಅವಳಿಗೆ ಬೇಕಿರಲಿಲ್ಲ, ಉಳಿದದ್ದು ಒಂದೇ ದಾರಿ. ಅವಳಿಗೆ ಕೆಲಸ ಕೊಡುತ್ತಿದ್ದ ಸೆಂಟರಿಗೇ ಫೈಲ್ ತೆಗೆದುಕೊಂಡು ಹೋದೆವು. ಅಲ್ಲಿ ಅವಳೇ ಕೂತು ಬಣ್ಣ ಹಾಕಿದಳು, ಅಲ್ಲಿನ ಮಷಿನ್ನಿನಲ್ಲೇ ಹೊಲಿಸಿದಳು. ಆನೆಮರಿ ಬಿಳಿ ಬಟ್ಟೆಯ ಮೇಲೆ ಸೊಂಡಿಲು ಮಡಿಸಿ ನಿಂತಿತು. ಅಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ನೋಡಿಯೇ ಇರಲಿಲ್ಲವಲ್ಲ. ಆದರೆ ಆ ಸೆಂಟರಿನ ಪದ್ಧತಿಯೆಂದರೆ, ಅವರ ಕಂಪ್ಯೂಟರಿನಿಂದ ಹೊರಬಿದ್ದ ಫೈಲಿನ ಹಾಳೆಯಲ್ಲಿ ಅವರ ಹೆಸರೇ ಇರಬೇಕು. ಮಾಲೀಕರು ಕೆಟ್ಟವರಲ್ಲ, ಮುಜುಗರ ಪಟ್ಟುಕೊಂಡೇ ಹೇಳಿದರು. ಅವಳು ಆಗಲಿ ಎಂದಳು. ಸಂಜೆ ನಾವೇ ಹೋಗಿ ಮಕ್ಕಳ ಉಡುಪಿನ ಕಂಪನಿಗೆ ಕೊಟ್ಟೆವು. ಅವರಿಗೆ ಬಹಳ ಹಿಡಿಸಿತು. ಮುಂದಿನ ಡಿಸೈನುಗಳಿಗೂ ಇದೇ ಸೆಂಟರ್ ಎಂದು ಅಲ್ಲೇ ಬರೆದುಕೊಂಡರು.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಬೈಕು ನಿಂತಿತು. ಕೆಲಸ ಬಿಟ್ಟ ಜನ ಸುತ್ತ ತುಂಬಿದ್ದರು. ಹಿಂದೆ ಕೂತವಳ ಮುಖ ಕಾಣುತ್ತಿರಲಿಲ್ಲ. ಅದರಿಂದ ಕೇಳುವ ಧೈರ್ಯ ಬಂತು.

"ಅಸಲಿ ತಗೊಂಡಿದ್ದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಗ್ತಿದ್ರಿ," ಎಂದಳು. "ಪುಕ್ಕಟೆ ಸಿಗೋದಕ್ಕೆ ಯಾರಾದ್ರೂ ಕಾಸು ಕೊಡ್ತಾರಾ ಅಂತ. ಭಾನುವಾರ ಅವ್ರಿಬ್ರಿಗೂ ಹೇಳಿ ನಗಿಸ್ತಿದ್ರಿ."

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವಳು ಹೇಳಿದ ವಾಕ್ಯ ಅಕ್ಷರ ಬಿಡದೆ ನನ್ನದೇ. ಹಾಗೆಯೇ ಹೇಳುತ್ತಿದ್ದೆ. ಇನ್ನೂರು ಜನಕ್ಕೆ ಹಕ್ಕಿನ ಪಾಠ ಹೇಳಿದ ನನ್ನ ಮನೆಯಲ್ಲಿ ಒಬ್ಬಳು ತಾನು ದುಡಿದು ಕೊಂಡದ್ದರ ಬಿಲ್ಲನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದಳು. ನಾಚಿಕೆಯಾಯಿತು. ಆ ದಿನ ಪಟ್ಟ ನಾಚಿಕೆ ಇವತ್ತಿಗೂ ಪೂರಾ ಹೋಗಿಲ್ಲ.

"ಇನ್ಮೇಲೆ ನಗಲ್ಲ," ಎಂದೆ.

"ನಗಿ, ಪರವಾಗಿಲ್ಲ. ನನ್ನದನ್ನ ಏನಾದ್ರೂ ತೆಗೆಯೋ ಮುಂಚೆ ಮಾತ್ರ ಒಂದು ಮಾತು ಕೇಳಿ."

ಹಸಿರು ದೀಪ ಬಂತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ನಾನು "ಶರಿ" ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಮನೆ ಬಾಗಿಲಲ್ಲಿ ಇಳಿದ ಮೇಲೆ ಇನ್ನೊಂದು ಸಲ ಹೇಳಿದೆ.